ಬಿ.ಎ. ಓದಿದ್ರೆ ಹೊಟ್ಟೆ ತುಂಬುತ್ತಾ? ಸೀಟು ಆರಿಸುವ ಮುಂಚೆ ಹೋಲಿಸಿ ನೋಡಬೇಕಾದ್ದು

ಪಿ.ಯು. ರಿಸಲ್ಟ್ ಬಂದ ಮೇಲೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಊಟಕ್ಕೆ ಕೂತಾಗ ಒಂದೇ ಮಾತು. ಈ ಸಲ ನಮ್ಮ ಅಕ್ಕನ ಮನೆಯ ಸರದಿ. ಅಕ್ಕನ ಮಗಳು ಪಿ.ಸಿ.ಎಂ.ಬಿ. ಓದಿದ್ದಾಳೆ. ನೂರಕ್ಕೆ ಎಂಬತ್ತರ ಹತ್ತಿರ ಬಂದಿದೆ. ಸಿ.ಇ.ಟಿ. ರ‍್ಯಾಂಕ್ ಮಾತ್ರ ತುಂಬಾ ದೂರ ಹೋಗಿದೆ. ಅವಳಿಗೆ ಇಷ್ಟ ಇರೋದು ಹಿಸ್ಟರಿ.

ಇದು ನಿನ್ನೆ ಮೊನ್ನೆ ಹುಟ್ಟಿದ ಆಸೆ ಅಲ್ಲ. ಹೋದ ವರ್ಷ ಅವಳನ್ನು ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ‘ಬೆಂಗಳೂರು’ ಅನ್ನೋ ಹೆಸರು ಸಿಕ್ಕಿರುವ ಅತಿ ಹಳೆಯ ಶಾಸನ ಅಲ್ಲೇ ಇದೆ. ಕ್ರಿ.ಶ. 890ರ ಆಸುಪಾಸಿನದು, ಬೆಂಗಳೂರಿನ ಕಾಳಗದಲ್ಲಿ ಸತ್ತವನ ನೆನಪಿಗೆ ಹಾಕಿಸಿದ್ದು. ಆ ಕಾಲದ ಲಿಪಿ ಅವಳಿಗೆ ಬರುವುದಿಲ್ಲ. ಆದರೂ ಕುಕ್ಕರಗಾಲಲ್ಲಿ ಕೂತು, ಕಲ್ಲಿಗೆ ತಾಗದ ಹಾಗೆ ಬೆರಳು ಆಡಿಸುತ್ತಾ, ಇವತ್ತಿನ ‘ರ’ ಹಾಗೆ ಕಾಣುವ ಅಕ್ಷರ ಎಲ್ಲೆಲ್ಲಿದೆ ಅಂತ ಅರ್ಧ ಗಂಟೆ ಹುಡುಕಿದಳು. ಬಿಸಿಲು ನೆತ್ತಿಗೆ ಬಂದರೂ ಏಳಲಿಲ್ಲ.

ಭಾವನಿಗೆ ಇದೆಲ್ಲ ಗೊತ್ತು. ಆದರೂ ಅವರು ಕೇಳಿದ್ದು ಇಷ್ಟೇ. “ಹಿಸ್ಟರಿ ಓದಿ ಏನ್ ಮಾಡ್ತಾಳಮ್ಮ? ನೀನೂ ಅದನ್ನೇ ಓದಿದ್ದೀಯಲ್ಲ, ನೀನೇ ಹೇಳು.”

ಹೌದು, ನಾನೂ ಹಿಸ್ಟರಿ ಬಿ.ಎ. ಮುಗಿಸಿದ್ದು 2004ರಲ್ಲಿ. ಆಮೇಲೆ ಲೈಬ್ರರಿ ಸೈನ್ಸ್ ಮಾಡಿ, ಈಗ ಇಲ್ಲೇ ಒಂದು ಕಾಲೇಜಿನಲ್ಲಿ ಲೈಬ್ರರಿಯನ್ ಆಗಿದ್ದೇನೆ. ಎರಡರ ನಡುವೆ ಮೂರು ವರ್ಷ ಕಳೆದುಕೊಂಡೆ. ಮುಂದೇನು ಅಂತ ಯೋಚಿಸದೆ ಡಿಗ್ರಿಗೆ ಸೇರಿದ್ದೆ. ಮುಗಿದ ಮೇಲೆ ದಿಕ್ಕು ತೋಚದೆ ಡೇಟಾ ಎಂಟ್ರಿ ಕೆಲಸ ಮಾಡಿದೆ. ಒಂದು ಖಾಸಗಿ ಸಂಸ್ಥೆಗೆ ಹದಿನೆಂಟು ಸಾವಿರ ಕಟ್ಟಿ ಡಿಪ್ಲೊಮಾ ಮಾಡಿದೆ. ಅದಕ್ಕೆ ಮಾನ್ಯತೆಯೇ ಇರಲಿಲ್ಲ, ಯಾವ ಅರ್ಜಿಯಲ್ಲೂ ಆ ಸರ್ಟಿಫಿಕೇಟ್ ನಡೆಯಲಿಲ್ಲ. ಆ ದುಡ್ಡು ಅಪ್ಪ ಚೀಟಿ ಎತ್ತಿ ಕೊಟ್ಟದ್ದು. ಅದಕ್ಕೇ ಈ ವಿಷಯ ನನಗೆ ಸುಮ್ನೆ ಮಾತಾಡಿ ಬಿಡುವಂಥದ್ದಲ್ಲ.

ಹೋಲಿಸಬೇಕಾದ್ದು ಏನನ್ನು?

ಎಲ್ಲರೂ ಬಿ.ಎ. ಮೇಲಾ, ಬಿ.ಇ. ಮೇಲಾ ಅಂತ ಕೇಳುತ್ತಾರೆ. ಹಾಗೆ ಕೇಳಿದರೆ ಬಿ.ಎ. ಪ್ರತಿ ಸಲವೂ ಸೋಲುತ್ತದೆ. ಯಾಕೆಂದರೆ ಬಿ.ಇ. ಮುಗಿಯುವ ಹೊತ್ತಿಗೆ ಕೆಲಸಕ್ಕೆ ನಿಲ್ಲಿಸುವ ಓದು. ಬಿ.ಎ. ಆಗಲಿ, ಬರೀ ಫಿಸಿಕ್ಸ್-ಮ್ಯಾಥ್ಸ್ ಬಿ.ಎಸ್ಸಿ. ಆಗಲಿ ಅರ್ಧ ಕಟ್ಟಿದ ಮನೆ ಇದ್ದ ಹಾಗೆ. ತಳಪಾಯ ಆಗಿರುತ್ತದೆ, ಗೋಡೆ ಎದ್ದಿರುತ್ತದೆ, ತಾರಸಿ ಬಿದ್ದಿರುವುದಿಲ್ಲ. ಅದರ ಮೇಲೆ ಇನ್ನೊಂದು ಓದು, ಒಂದು ಪರೀಕ್ಷೆ ಅಥವಾ ಒಂದು ಕೈಕೆಲಸ ಕೂಡಬೇಕು. ಹೋಲಿಸುವುದಾದರೆ ನಾಲ್ಕು ವರ್ಷದ ಬಿ.ಇ.ಯನ್ನು ‘ಬಿ.ಎ. ಜೊತೆಗೆ ಬಿ.ಎಡ್.’, ‘ಬಿ.ಎ. ಜೊತೆಗೆ ಕಾನೂನು’ ಇಂಥವುಗಳ ಎದುರು ಇಡಿ. ಐದಾರು ವರ್ಷದ ಪೂರ್ತಿ ದಾರಿ, ಆ ದಾರಿಯ ಪೂರ್ತಿ ಖರ್ಚು. ಆಗ ಲೆಕ್ಕ ಬೇರೆಯೇ ಕಾಣುತ್ತದೆ.

ಅಕ್ಕನ ಮನೆಯಲ್ಲಿ ಹಳೇ ಕ್ಯಾಲೆಂಡರ್ ಹಾಳೆ ಹರಿದು, ಅದರ ಹಿಂದೆ ನಾವು ಬರೆದದ್ದು ಹೀಗೇ. ಅವಳ ಮುಂದೆ ಮೂರು ದಾರಿ ಇತ್ತು. ಮ್ಯಾನೇಜ್‌ಮೆಂಟ್ ಸೀಟಿನಲ್ಲಿ ಇಂಜಿನಿಯರಿಂಗ್. ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಹೆಸರಿರುವ ಖಾಸಗಿ ವಿಶ್ವವಿದ್ಯಾಲಯದಲ್ಲಿ ಬಿ.ಎ.

ಇಂಜಿನಿಯರಿಂಗ್‌ನ ನಿಜವಾದ ಬಲ

ಇಂಜಿನಿಯರಿಂಗ್‌ಗೆ ಇರುವ ದೊಡ್ಡ ಬಲ ಅದರ ಸಿಲಬಸ್ ಅಲ್ಲ, ಕ್ಯಾಂಪಸ್ ಸೆಲೆಕ್ಷನ್. ಕಂಪನಿಯೇ ಕಾಲೇಜಿಗೆ ಬರುತ್ತದೆ. ಮಾಮೂಲಿ ಬಿ.ಎ. ಕಾಲೇಜಿಗೆ ಯಾರೂ ಬರುವುದಿಲ್ಲ. ನಾವೇ ಹುಡುಕಿಕೊಂಡು ಹೋಗಬೇಕು. ಹೇಗೆ ಹುಡುಕಬೇಕು ಅಂತ ಹೇಳಿಕೊಡುವವರೂ ಅಲ್ಲಿ ಕಡಿಮೆ. ಮನೆಯಲ್ಲಿ ಮೊದಲ ಸಲ ಡಿಗ್ರಿ ಓದುತ್ತಿರುವ ಮಕ್ಕಳಿಗೆ ಈ ವ್ಯತ್ಯಾಸ ತುಂಬಾ ದೊಡ್ಡದು. ಅದನ್ನು ಕಡಿಮೆ ಮಾಡಿ ಹೇಳಿದರೆ ತಪ್ಪಾಗುತ್ತದೆ.

ಆದರೆ ಆ ಬಲ ಎಲ್ಲ ಕಾಲೇಜಿಗೂ ಒಂದೇ ಸಮ ಇಲ್ಲ. ಕೆ.ಆರ್. ಸರ್ಕಲ್‌ನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಯು.ವಿ.ಸಿ.ಇ.ಯಲ್ಲಿ ಸಿ.ಇ.ಟಿ. ಸೀಟು ಸಿಕ್ಕರೆ ಒಂದು ಮಾತು. ಊರಾಚೆ ಎಲ್ಲೋ ಇರುವ ಕಾಲೇಜಿನಲ್ಲಿ, ಇಷ್ಟವಿಲ್ಲದ ಬ್ರಾಂಚ್‌ಗೆ ಲಕ್ಷಗಟ್ಟಲೆ ಕಟ್ಟಿ ಸೇರುವುದು ಇನ್ನೊಂದು ಮಾತು. ದೊಡ್ಡ ಐ.ಟಿ. ಕಂಪನಿಗಳಲ್ಲಿ ಹೊಸಬರ ಮಾಮೂಲಿ ಸಂಬಳ ಹತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಅಷ್ಟರಲ್ಲಿ ಮನೆ ಬಾಡಿಗೆ, ಕಾಲೇಜಿನ ಫೀಸು ಎಲ್ಲಿಗೋ ಹೋಗಿವೆ.

ಇನ್ನೊಂದು ಗಮನಿಸಿ. 2024ರ ಜನವರಿಯಲ್ಲಿ ಶುರುವಾದ ಯುವನಿಧಿ ಯೋಜನೆಯಲ್ಲಿ, ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಬಿ.ಎ. ಓದಿದವರಿಗೂ ಬಿ.ಇ. ಓದಿದವರಿಗೂ ಅಷ್ಟೇ. ಕೆಲಸ ಸಿಗದವರು ಎರಡೂ ಕಡೆ ಇದ್ದಾರೆ.

ಮಗುವಿಗೆ ಲೆಕ್ಕ ಇಷ್ಟ, ಬಿಚ್ಚಿ ಜೋಡಿಸುವ ಚಪಲ ಇದೆ, ರ‍್ಯಾಂಕ್ ಕೂಡ ಇದೆ ಅಂದರೆ ಕಣ್ಣು ಮುಚ್ಚಿ ಇಂಜಿನಿಯರಿಂಗ್‌ಗೆ ಸೇರಿಸಿ. ಮೂರೂ ಇಲ್ಲದೆ ಬರೀ ‘ಎಲ್ಲರೂ ಮಾಡ್ತಾರೆ’ ಅಂತ ಸೇರಿಸಬೇಡಿ. ನಮ್ಮ ಲೈಬ್ರರಿಯಲ್ಲಿ ಬ್ಯಾಕ್‌ಲಾಗ್ ಉಳಿದುಕೊಂಡು, ಮನೆಗೆ ಹೇಳಲಾಗದೆ, ಸಂಜೆ ಬಾಗಿಲು ಹಾಕುವವರೆಗೆ ಪುಸ್ತಕ ತೆರೆದಿಟ್ಟು ಸುಮ್ಮನೆ ಕೂರುವ ಮಕ್ಕಳನ್ನು ನೋಡಿದ್ದೇನೆ. ಅವರ ಪುಟ ಮಗುಚುವುದೇ ಇಲ್ಲ.

ಅದೇ ಬಿ.ಎ., ಆದರೆ ಎರಡು ಬೇರೆ ಆಯ್ಕೆ

ನನ್ನ ಮುಖ್ಯ ಮಾತು ಇಲ್ಲಿದೆ. ಸರ್ಕಾರಿ ಕಾಲೇಜಿನ ಬಿ.ಎ.ಗೆ ವರ್ಷಕ್ಕೆ ಕೆಲವೇ ಸಾವಿರ ಫೀಸು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಿ.ಎಂ.ಟಿ.ಸಿ.ಯ ಮಾಮೂಲಿ ಬಸ್ ಕೂಡ ಉಚಿತ. ಅರ್ಹತೆ ಇದ್ದವರಿಗೆ ರಾಜ್ಯ ಸರ್ಕಾರದ ಎಸ್.ಎಸ್.ಪಿ. ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್. ಮೂರು ವರ್ಷಕ್ಕೆ ಮನೆಯಿಂದ ಹೋಗುವುದು ಪುಸ್ತಕ, ಊಟ, ಒಂದು ಲ್ಯಾಪ್‌ಟಾಪ್ ಇಷ್ಟೇ.

ಹೆಸರಿರುವ ಕೆಲವು ಖಾಸಗಿ ಕಡೆ ಅದೇ ಬಿ.ಎ.ಗೆ ಹಾಸ್ಟೆಲ್ ಸೇರಿ ಹತ್ತು ಲಕ್ಷದ ಹತ್ತಿರ ಹೋಗುತ್ತದೆ. ಸಾಲ ಮಾಡಿದರೆ ಏನಾಗುತ್ತದೆ ನೋಡಿ. ಹತ್ತು ಲಕ್ಷ, ಶೇಕಡಾ 10 ಬಡ್ಡಿ, ಹತ್ತು ವರ್ಷ. ತಿಂಗಳ ಕಂತು ಸುಮಾರು 13,200 ರೂಪಾಯಿ. ಓದುವಾಗಿನ ಬಡ್ಡಿ ಕಟ್ಟದೆ ಬಿಟ್ಟಿದ್ದರೆ ಇನ್ನೂ ಜಾಸ್ತಿ. ಖಾಸಗಿ ಶಾಲೆಯ ಹೊಸ ಟೀಚರ್‌ಗೆ ಇಪ್ಪತ್ತು ಸಾವಿರ ಸಿಕ್ಕರೆ ಒಳ್ಳೆಯ ಸಂಬಳ ಅನ್ನುವುದು ನಾನು ಕಂಡದ್ದು. ಅದರಲ್ಲಿ ಹದಿಮೂರು ಬ್ಯಾಂಕಿಗೆ ಹೋದರೆ ಉಳಿದದ್ದರಲ್ಲಿ ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆಯೂ ಕಟ್ಟಲಾಗದು. ಸಾಲ ಇದ್ದರೆ ಎಂ.ಎ., ಬಿ.ಎಡ್. ಅಂತ ಎರಡನೇ ಓದಿಗೆ ಹೋಗುವುದೂ ಕಷ್ಟ, ಸಿಕ್ಕ ಕೆಲಸ ಹಿಡಿಯಲೇಬೇಕು. ಬಿ.ಎ.ಗೆ ಬೆಲೆ ಬರುವುದೇ ಆ ಎರಡನೇ ಓದಿನಿಂದ. ಅದನ್ನೇ ಸಾಲ ನುಂಗಿಹಾಕುತ್ತದೆ.

ಹಾಗಂತ ಖಾಸಗಿಯೆಲ್ಲ ಬೇಡ ಅನ್ನುತ್ತಿಲ್ಲ. ಒಳ್ಳೆಯ ಮೇಷ್ಟ್ರು, ಇಂಗ್ಲಿಷ್‌ನಲ್ಲಿ ಬರೆಯುವ ಅಭ್ಯಾಸ, ಇಂಟರ್ನ್‌ಶಿಪ್, ಓದುವ ಸ್ನೇಹಿತರು ಇವೆಲ್ಲ ದೊಡ್ಡ ಸಂಗತಿ. ಫೀಸು ಮನೆಯ ಉಳಿತಾಯದಲ್ಲೇ ಮುಗಿದರೆ, ಅಥವಾ ಬೇಕಾದಷ್ಟು ಸ್ಕಾಲರ್‌ಶಿಪ್ ಸಿಕ್ಕರೆ ಖಂಡಿತ ಹೋಗಿ. ನಡುವಿನ ದಾರಿಯೂ ಇದೆ. ಊರಿನ ಹಳೆಯ ಅನುದಾನಿತ ಕಾಲೇಜುಗಳನ್ನು ನೋಡಿ. ಎಕನಾಮಿಕ್ಸ್‌ಗೆ 2017ರಲ್ಲಿ ಶುರುವಾದ ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ. ಸೇರುವ ಮುಂಚೆ ತರಗತಿಯ ಹೊರಗೆ ನಿಂತು ಎರಡನೇ ವರ್ಷದ ಇಬ್ಬರನ್ನು ಕೇಳಿ: ‘ಪಾಠ ದಿನಾ ನಡೆಯುತ್ತಾ? ಲೆಕ್ಚರರ್ ವರ್ಷವಿಡೀ ಇರ್ತಾರಾ?’ ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರ ಮೇಲೇ ಪಾಠ ನಿಂತಿರುವುದು ಜಾಸ್ತಿ. ಅವರ ನೇಮಕ ತಡವಾದರೆ ಅರ್ಧ ಸೆಮಿಸ್ಟರ್ ಹಾಗೇ ಹೋಗುತ್ತದೆ.

ಒಂದು ಬದಲಾವಣೆಯೂ ನೆನಪಿರಲಿ. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಡಿಗ್ರಿಯನ್ನು ಸರ್ಕಾರ ಕೈಬಿಟ್ಟು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ತಂದಿದೆ. ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷವೇ ಉಳಿದಿದೆ. ಫೀಸು ಹೋಲಿಸುವಾಗ ಮೂರು ವರ್ಷದ್ದನ್ನು ನಾಲ್ಕು ವರ್ಷದ್ದರ ಎದುರು ಇಡುತ್ತಿದ್ದೀರಾ ಅಂತ ನೋಡಿಕೊಳ್ಳಿ.

ಎರಡನೇ ಮೆಟ್ಟಿಲು ಯಾವುದು?

“ಚಿಕ್ಕಮ್ಮ, ಹಿಸ್ಟರಿ ಓದಿದ್ರೆ ಟೀಚರ್ ಬಿಟ್ಟು ಬೇರೇನೂ ಆಗಕ್ಕಾಗಲ್ವಾ?” ಅಂತ ಅವಳು ಕೇಳಿದಳು. ಆಗುತ್ತದೆ. ಆದರೆ ಪ್ರತಿಯೊಂದಕ್ಕೂ ಒಂದು ಬಾಗಿಲು ಇದೆ, ಆ ಬಾಗಿಲಿಗೆ ಒಂದು ಬೀಗ ಇದೆ.

ಟೀಚರ್ ಕೆಲಸದಿಂದಲೇ ಶುರು ಮಾಡೋಣ. ಹೈಸ್ಕೂಲಿಗೆ ಡಿಗ್ರಿ ಜೊತೆಗೆ ಎರಡು ವರ್ಷದ ಬಿ.ಎಡ್. ಬೇಕು. ಪಿ.ಯು. ಕಾಲೇಜಿಗೆ ಶೇಕಡಾ 55ರ ಎಂ.ಎ., ಮೇಲೆ ಬಿ.ಎಡ್. ಡಿಗ್ರಿ ಕಾಲೇಜಿಗೆ ಎಂ.ಎ. ಜೊತೆಗೆ ನೆಟ್ ಅಥವಾ ಕೆ-ಸೆಟ್ ಅನ್ನೋ ಅರ್ಹತಾ ಪರೀಕ್ಷೆ, ಇಲ್ಲವೇ ಪಿಎಚ್.ಡಿ. ನೆಟ್‌ನಲ್ಲಿ ಜೆ.ಆರ್.ಎಫ್. ಸಿಕ್ಕರೆ ಸಂಶೋಧನೆಗೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್. ಸರ್ಕಾರಿ ಮೇಷ್ಟ್ರ ಕೆಲಸಕ್ಕೆ ಡಿಗ್ರಿಯಲ್ಲಿ ಯಾವ ಯಾವ ವಿಷಯ ಜೊತೆಯಾಗಿ ಓದಿದ್ದೀರಿ ಅನ್ನುವುದು ಲೆಕ್ಕಕ್ಕೆ ಬರುತ್ತದೆ. ಹಿಸ್ಟರಿ ಜೊತೆಗೆ ಜಾಗ್ರಫಿ ಅಥವಾ ಎಕನಾಮಿಕ್ಸ್ ಇಟ್ಟುಕೊಳ್ಳುವುದು ಬುದ್ಧಿವಂತಿಕೆ. ಚೆನ್ನಾಗಿ ಓದಿಯೂ ಕಾಂಬಿನೇಷನ್ ಹೊಂದದೆ ಅರ್ಜಿಯೇ ಹಾಕಲಾಗದವರು ನಮ್ಮ ಲೈಬ್ರರಿಗೆ ಬಂದು ಬೇಜಾರು ಮಾಡಿಕೊಂಡಿದ್ದಾರೆ.

ಕಾನೂನು ನನಗೆ ಅತಿ ಇಷ್ಟವಾದ ಎರಡನೇ ಮೆಟ್ಟಿಲು. ಯಾವ ಡಿಗ್ರಿ ಆದರೂ ಮೂರು ವರ್ಷದ ಎಲ್‌ಎಲ್.ಬಿ.ಗೆ ಸೇರಬಹುದು. ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್‌ನಲ್ಲೂ ಈಗ ಡಿಗ್ರಿ ಆದವರಿಗೆ ಈ ಕೋರ್ಸ್ ಇದೆ, ಪ್ರವೇಶ ಪರೀಕ್ಷೆ ಬರೆಯಬೇಕು. ದಾಖಲೆ ಓದುವುದು, ಯಾವ ಸಾಕ್ಷಿ ನಂಬಬೇಕು ಅಂತ ತೂಗುವುದು ಇವು ಹಿಸ್ಟರಿಯಲ್ಲೇ ಕಲಿತಿರುತ್ತಾರೆ.

ಸಿ.ಎ. ಅಂದರೆ ಬಿ.ಕಾಂ.ನವರಿಗೆ ಮಾತ್ರ ಅಂದುಕೊಂಡವರು ತುಂಬಾ ಜನ. ಬೇರೆ ಡಿಗ್ರಿಯಲ್ಲಿ ಶೇಕಡಾ 60 ಬಂದಿದ್ದರೆ ಫೌಂಡೇಶನ್ ಇಲ್ಲದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಬ್ಯಾಂಕ್ ಪಿ.ಒ. ಪರೀಕ್ಷೆಗೂ ಯಾವ ಡಿಗ್ರಿ ಆದರೂ ಸಾಕು.

ಸರ್ಕಾರಿ ಪರೀಕ್ಷೆಗಳ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಯು.ಪಿ.ಎಸ್.ಸಿ.ಗೆ ಹಿಸ್ಟರಿಯಾಗಲಿ ಕನ್ನಡ ಸಾಹಿತ್ಯವಾಗಲಿ ಐಚ್ಛಿಕ ವಿಷಯ ಮಾಡಿಕೊಳ್ಳಬಹುದು, ಮೇನ್ಸ್ ಕನ್ನಡದಲ್ಲೇ ಬರೆಯಬಹುದು. ಬಿ.ಎ. ಓದು ಅಲ್ಲಿ ಕೆಲಸಕ್ಕೆ ಬರುತ್ತದೆ, ನಿಜ. ಆದರೆ ಅದನ್ನೇ ನೆಚ್ಚಿಕೊಂಡು ಕೂರುವುದು ಅಪಾಯ. 2024ರಲ್ಲಿ ಕೆ.ಎ.ಎಸ್.ನ 384 ಹುದ್ದೆಗಳಿಗೆ ಆಗಸ್ಟ್‌ನಲ್ಲಿ ಪ್ರಿಲಿಮ್ಸ್ ನಡೆಯಿತು. ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್‌ನಲ್ಲಿ ಮತ್ತೆ ಬರೆಯಬೇಕಾಯಿತು. ವಿಜಯನಗರ, ಚಂದ್ರಾ ಲೇಔಟ್ ಕಡೆಯ ರೀಡಿಂಗ್ ರೂಮ್‌ಗಳಲ್ಲಿ ಹೀಗೆ ಒಂದೊಂದೇ ವರ್ಷ ಕಳೆಯುತ್ತಿರುವ ಮಕ್ಕಳು ಎಷ್ಟು ಜನ! ಪರೀಕ್ಷೆ ಬರೆಯಿರಿ, ಆದರೆ ಪಕ್ಕದಲ್ಲಿ ಬಿ.ಎಡ್., ಕಾನೂನು ಅಥವಾ ಒಂದು ಕೆಲಸ ಇಟ್ಟುಕೊಂಡು ಬರೆಯಿರಿ.

ಇನ್ನು ನನ್ನ ಲೈಬ್ರರಿ ಸೈನ್ಸ್. ಇದಕ್ಕೆ ಯಾವ ಡಿಗ್ರಿ ಆದರೂ ನಡೆಯುತ್ತದೆ. ಲೆಕ್ಕದ ಮೇಷ್ಟ್ರಾಗಿದ್ದು ಆಮೇಲೆ ಲೈಬ್ರರಿಗೆ ಬಂದ ಎಸ್.ಆರ್. ರಂಗನಾಥನ್ ಅವರು 1962ರಲ್ಲಿ ಶುರು ಮಾಡಿದ, ಲೈಬ್ರರಿ ಸೈನ್ಸ್ ಕಲಿಸುವ ಡಿ.ಆರ್.ಟಿ.ಸಿ. ಇದೇ ಬೆಂಗಳೂರಿನಲ್ಲಿ, ಮೈಸೂರು ರಸ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ಹಿಸ್ಟರಿ ಓದಿದವರಿಗೆ ಇದರ ಪಕ್ಕದ ಮನೆ ಆರ್ಕೈವ್ಸ್. ಜಿ.ಕೆ.ವಿ.ಕೆ. ಆವರಣದ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್.ಸಿ.ಬಿ.ಎಸ್.ನಲ್ಲಿ ವಿಜ್ಞಾನಿಗಳ ಪತ್ರ, ನೋಟ್‌ಬುಕ್ ಕಾಪಾಡುವ ಆರ್ಕೈವ್ಸ್ 2019ರಿಂದ ಇದೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಸ್ತೂರ್‌ಬಾ ರಸ್ತೆಯಲ್ಲಿ 2023ರಲ್ಲಿ ಮ್ಯಾಪ್ ಅನ್ನೋ ಕಲೆ ಮತ್ತು ಫೋಟೋಗ್ರಫಿ ಮ್ಯೂಸಿಯಂ ತೆರೆಯಿತು. ಇಂಥ ಕಡೆ ಇರುವುದು ಬೆರಳೆಣಿಕೆಯ ಕೆಲಸ. ಆದರೆ ಓದುವಾಗಲೇ ಹೋಗಿ ವಾಲಂಟಿಯರ್ ಆಗಿ ದುಡಿದವರನ್ನು ಜನ ಗುರುತಿಟ್ಟುಕೊಳ್ಳುತ್ತಾರೆ.

ಎಲ್ಲ ‘ಬೇಡಿಕೆ ಇಲ್ಲದ’ ವಿಷಯವೂ ಒಂದೇ ಅಲ್ಲ

ಕನ್ನಡ ಎಂ.ಎ. ಅಂದ ಕೂಡಲೇ ಮುಖ ಸಪ್ಪೆ ಮಾಡುತ್ತಾರೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ರಾಜ್ಯದ ಸಿ.ಬಿ.ಎಸ್.ಇ., ಐ.ಸಿ.ಎಸ್.ಇ. ಶಾಲೆಗಳೂ ಕನ್ನಡ ಕಲಿಸಬೇಕು. ವಿ.ಟಿ.ಯು. ಇಂಜಿನಿಯರಿಂಗ್‌ನಲ್ಲೂ ಕನ್ನಡಿಗರಿಗೆ ಸಾಂಸ್ಕೃತಿಕ ಕನ್ನಡ, ಹೊರಗಿನವರಿಗೆ ಬಳಕೆ ಕನ್ನಡ ಅಂತ ಪಾಠ ಇದೆ. ಬೆಂಗಳೂರಿನಲ್ಲಿ ಇಷ್ಟು ಶಾಲೆ ಕಾಲೇಜು ಇರುವಾಗ ಇವರೆಲ್ಲರಿಗೂ ಮೇಷ್ಟ್ರು ಬೇಕು. ಜೊತೆಗೆ ಇಂಗ್ಲಿಷ್ ಕೂಡ ಗಟ್ಟಿ ಇದ್ದರೆ ಅನುವಾದ, ಸಬ್‌ಟೈಟಲ್, ಆ್ಯಪ್‌ಗಳನ್ನು ಕನ್ನಡಕ್ಕೆ ತರುವ ಕೆಲಸ ಸಿಗುತ್ತದೆ. ಕನ್ನಡದ ಡಿಗ್ರಿ ಈ ಊರಿನಲ್ಲಿ ಜನ ಅಂದುಕೊಂಡಷ್ಟು ಬಡವಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಸೈಕಾಲಜಿ ಇದಕ್ಕೆ ತದ್ವಿರುದ್ಧ. ಎಲ್ಲರಿಗೂ ಇಷ್ಟ, ಸೀಟಿಗೆ ನೂಕುನುಗ್ಗಲು. ಆದರೆ ಬಿ.ಎ. ಮಾತ್ರ ಇದ್ದರೆ ಕೌನ್ಸೆಲರ್ ಆಗಲಾಗದು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಡಿಗ್ರಿಯ ಮೇಲೂ ವರ್ಷಗಟ್ಟಲೆ ಓದಿ, ಆರ್.ಸಿ.ಐ. ಅನ್ನೋ ಕೇಂದ್ರದ ಮಂಡಳಿಯಲ್ಲಿ ನೋಂದಣಿ ಆಗಬೇಕು. ಅದಕ್ಕೆ ನಿಮ್ಹಾನ್ಸ್‌ನಂಥ ಕಡೆ ಸೀಟು ಬೆರಳೆಣಿಕೆಯಷ್ಟು. ಏಳೆಂಟು ವರ್ಷದ ತಾಳ್ಮೆ ಇದ್ದವರು ಮಾತ್ರ ಹೋಗಿ.

ಜಾಗ್ರಫಿ ಜೊತೆ ಜಿ.ಐ.ಎಸ್., ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದನ್ನು ಕಲಿತರೆ ನಕ್ಷೆ, ನೀರು, ಜಮೀನಿನ ಕೆಲಸಗಳಿಗೆ ದಾರಿ ಇದೆ. ಸ್ಟ್ಯಾಟಿಸ್ಟಿಕ್ಸ್ ಇರುವ ಬಿ.ಎಸ್ಸಿ.ಯನ್ನು ಜನ ಗಮನಿಸುವುದೇ ಇಲ್ಲ, ಆದರೆ ಡೇಟಾ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ತಳಪಾಯ ಸಿಗುವುದು ಕಷ್ಟ. ಬರೀ ಬಿ.ಎಸ್ಸಿ., ಬಿ.ಸಿ.ಎ. ಓದಿದವರನ್ನು ಕೆಲಸಕ್ಕೆ ತಗೊಂಡು ಜೊತೆಗೇ ಎಂ.ಟೆಕ್. ಓದಿಸುವ ಕಾರ್ಯಕ್ರಮ ವಿಪ್ರೊದಲ್ಲಿದೆ.

ಹಿಂದಕ್ಕೆ ಬರಲು ದಾರಿ ಇದೆಯೇ?

ಭಾವನ ಭಯ ಇದ್ದದ್ದು ಇಲ್ಲಿ. “ಮೂರು ವರ್ಷ ಆದ್ಮೇಲೆ ಇದು ಬೇಡ ಅನ್ನಿಸಿದ್ರೆ?”

ವಿಶ್ವೇಶ್ವರಯ್ಯನವರು 1881ರಲ್ಲಿ ಇದೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಆಮೇಲೆ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದರು. ಈಗ ಬಿ.ಎ.ಯಿಂದ ಬಿ.ಇ.ಗೆ ಹಾಗೆ ಹೋಗಲಾಗದು. ಆದರೆ ಅವಳಿಗೆ ಒಂದು ಕಿಟಕಿ ತೆರೆದೇ ಇದೆ. ಪಿ.ಯು.ನಲ್ಲಿ ಮ್ಯಾಥ್ಸ್ ಓದಿದವರು ಬಿ.ಎ. ಆದ ಮೇಲೂ ಎಂ.ಸಿ.ಎ.ಗೆ ಸೇರಬಹುದು. ಪಿ.ಜಿ.ಸಿ.ಇ.ಟಿ. ಪ್ರವೇಶ ಪರೀಕ್ಷೆ ಬರೆಯಬೇಕು, ಜೊತೆಗೆ ಒಂದು ಬ್ರಿಡ್ಜ್ ಕೋರ್ಸ್ ಮಾಡಬೇಕು, ಅಷ್ಟೇ. ಇದನ್ನು ಹೇಳಿದಾಗ ಭಾವ ಪೆನ್ನು ತಗೊಂಡು ಕ್ಯಾಲೆಂಡರ್ ಹಾಳೆಯ ಮೇಲೆ ತಾವೇ ಬರೆದುಕೊಂಡರು, ಕೆಳಗೆ ಎರಡು ಗೆರೆ ಎಳೆದರು.

ಎಸ್.ಎಸ್.ಎಲ್.ಸಿ. ಮುಗಿಸಿದ ಮಕ್ಕಳ ಮನೆಯವರೂ ಇದನ್ನು ಗಮನಿಸಬೇಕು. ಸೈನ್ಸ್ ಪಿ.ಯು.ನಿಂದ ಆರ್ಟ್ಸ್ ಡಿಗ್ರಿಗೆ ಬರಬಹುದು, ಆರ್ಟ್ಸ್ ಪಿ.ಯು.ನಿಂದ ಸೈನ್ಸಿಗೆ ಹೋಗಲಾಗದು. ಮಗುವಿಗೆ ಮ್ಯಾಥ್ಸ್ ತಡೆದುಕೊಳ್ಳುವ ಶಕ್ತಿ ಇದ್ದರೆ ಇನ್ನೆರಡು ವರ್ಷ ಓದಲಿ. ಮ್ಯಾಥ್ಸ್ ಅಂದರೆ ಜ್ವರ ಬರುವ ಮಗುವಾದರೆ ಬೇಡ, ಆರ್ಟ್ಸ್‌ನ ಹೆಚ್.ಇ.ಪಿ.ಎಸ್.ನಲ್ಲಿ (ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್, ಸೋಶಿಯಾಲಜಿ) ಚೆನ್ನಾಗಿ ಓದಲಿ.

ಬಿ.ಎ. ಯಾರಿಗೆ ಬೇಡ? ಇಷ್ಟವಿಲ್ಲದೆ, ಬೇರೇನೂ ಸಿಗಲಿಲ್ಲ ಅಂತ ಸೇರುವವರಿಗೆ ಖಂಡಿತ ಬೇಡ. ಮೂರೇ ವರ್ಷದಲ್ಲಿ ಮನೆಗೆ ಸಂಬಳ ತರಲೇಬೇಕಾದವರಿಗೂ ಬೇಡ. ಅವರಿಗೆ ಬಿ.ಕಾಂ., ಡಿಪ್ಲೊಮಾ, ನರ್ಸಿಂಗ್ ಇಂಥವು ಮೇಲು. ಇದನ್ನು ಹೇಳಲು ನನಗೆ ಸಂಕಟ, ಆದರೂ ಹೇಳಬೇಕು. ಇಷ್ಟದ ವಿಷಯ ಸಂಜೆ ಕಾಲೇಜಿನಲ್ಲೋ, ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲೋ ಆಮೇಲೂ ಓದಬಹುದು.

ಅವಳು ಆರಿಸಿದ್ದು ಸರ್ಕಾರಿ ಕಾಲೇಜಿನಲ್ಲಿ ಹಿಸ್ಟರಿ, ಎಕನಾಮಿಕ್ಸ್. ಮ್ಯಾನೇಜ್‌ಮೆಂಟ್ ಸೀಟಿಗೆ ಅಂತ ಭಾವ ಎತ್ತಿಟ್ಟಿದ್ದರಲ್ಲಿ ಒಂದು ಪಾಲು ಮುಂದಿನ ಓದಿಗೆ ಅಂತ ಅವಳ ಹೆಸರಲ್ಲಿ ಡೆಪಾಸಿಟ್ ಆಯಿತು. ಎರಡನೇ ಮೆಟ್ಟಿಲು ಕಾನೂನೋ ಬಿ.ಎಡ್.ಓ ಅಂತ ಎರಡನೇ ವರ್ಷ ಮುಗಿಯುವುದರೊಳಗೆ ಹೇಳಬೇಕು ಅನ್ನುವುದು ಅಕ್ಕ ಹಾಕಿದ ಷರತ್ತು. ನನಗೂ ಅದು ಸರಿ ಅನ್ನಿಸಿತು.

ನೀವೂ ಇದೇ ದಾರಿ ಹಿಡಿಯುವುದಾದರೆ ಒಂದು ಎಚ್ಚರ. ಸಿ.ಇ.ಟಿ. ಸೀಟು ಹಂಚಿಕೆಯಾದಾಗ ನಾಲ್ಕು ಚಾಯ್ಸ್ ಕೊಡುತ್ತಾರೆ. ನಾಲ್ಕನೆಯದನ್ನು ಒತ್ತಿದರೆ ಆ ವರ್ಷದ ಕೌನ್ಸೆಲಿಂಗ್‌ನಿಂದ ಹೊರಗೆ ಬಂದ ಹಾಗೆ. ಯು.ಯು.ಸಿ.ಎಂ.ಎಸ್. ಪೋರ್ಟಲ್‌ನಲ್ಲಿ ಡಿಗ್ರಿಗೆ ಅರ್ಜಿ ಹಾಕಿ, ಕಾಲೇಜಿಗೆ ಫೀಸು ಕಟ್ಟಿ, ರಸೀದಿ ಕೈಗೆ ಬಂದ ಮೇಲೆ ಅದನ್ನು ಒತ್ತಿ.